ಬತ್ತಿದ ಬಾವಿಯ ಈಜುಪಾಠ

ಕೋಲಾರ ಜಿಲ್ಲೆಯ ಚಿನ್ನದ ಗಣಿಗಳ ಊರು ಕೆಜಿಎಫ್‌ಗೆ ನೀರು ಬರುತ್ತಿದ್ದುದು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ. ನೆಲದಡಿಯಲ್ಲಿ ಮಾತ್ರ ನೀರೇ ಶತ್ರು. ಹಗಲಿರುಳು ಪಂಪು ಮಾಡಿ ಹೊರಹಾಕಬೇಕಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಮೂರು ಕಿಲೋಮೀಟರಿಗೂ ಮೀರಿದ ಆಳದಿಂದ ನೀರು ಮೇಲೇರತೊಡಗಿತು.

ಗಣಿಗೆ ಶತ್ರುವಾದ ನೀರು ಹತ್ತಿರದ ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳಿಗೆ ಗೆಳೆಯ. ಅಲ್ಲಿ ಈಜು ಕಲಿಸಿದ್ದು ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಗಳು. ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಇಳಿಸಿದರೆ, ಅಣ್ಣನೋ ಮಾವನೋ ನೀರಿನಲ್ಲಿ ನಿಂತು ಹೊಟ್ಟೆಯಡಿ ಕೈ ಕೊಡುತ್ತಿದ್ದ. ಒಂದು ಮಗುವಿಗೆ ಒಬ್ಬ ಗುರು. ದಿನವೂ ಅದೇ ಬಾವಿ, ಅದೇ ಮೆಟ್ಟಿಲು. ಹಿಂದಿನಿಂದ ದಬ್ಬಿಬಿಡುವ ಪಾಠವೂ ಇತ್ತು. ಅದನ್ನು ಹೊಗಳಬೇಕಾಗಿಲ್ಲ.

ಮಗುವಿಗೊಬ್ಬ ಗುರು ಎಂಬ ಕ್ರಮ ದೂರದಲ್ಲೂ ಇತ್ತು. ಲಂಡನ್ನಿನ ಹ್ಯಾಲಿವಿಕ್ ಶಾಲೆಯಲ್ಲಿ ಜೇಮ್ಸ್ ಮ್ಯಾಕ್‌ಮಿಲನ್ 1949ರಲ್ಲಿ ಅಂಗವಿಕಲ ಬಾಲಕಿಯರಿಗೆ ಈಜು ಕಲಿಸಲು ತೊಡಗಿದ. ಅಲ್ಲಿಯೂ ಮಗುವಿಗೊಬ್ಬ ಜೊತೆಗಾರ, ಆದರೆ ಬೆಂಡು ಇಲ್ಲ. ಕೈಕಾಲು ಬಡಿಯುವುದು ಆಮೇಲೆ. ಮೊದಲು ನೀರಿಗೆ ಮನಸ್ಸು ಒಗ್ಗಬೇಕು, ಉಸಿರು ಹಿಡಿತಕ್ಕೆ ಬರಬೇಕು. ಆಟಿಸಂ ಇರುವ ಮಕ್ಕಳಿಗೂ ಈಗ ಈ ಕ್ರಮ ಬಳಕೆಯಲ್ಲಿದೆ. ಹಠಾತ್ ಸದ್ದು, ಬದಲಾದ ಜಾಗ, ಹೊಸ ಮುಖ ಇಂಥ ಹಲವು ಮಕ್ಕಳನ್ನು ಕಂಗೆಡಿಸುತ್ತವೆ. ದಬ್ಬುವ ಪಾಠ ಅವರನ್ನು ನೀರಿನಿಂದ ಶಾಶ್ವತವಾಗಿ ದೂರ ಮಾಡೀತು.

ಈಜು ಅವರಿಗೆ ಬರೀ ಆಟವಲ್ಲ. ಮನೆಯವರ ಕಣ್ಣು ತಪ್ಪಿಸಿ ಹೊರಟ ಮಗುವನ್ನು ನೀರು ಸೆಳೆಯುವುದುಂಟು. ಅಮೆರಿಕದ ಸಾವಿನ ದಾಖಲೆಗಳನ್ನು ಪರಿಶೀಲಿಸಿದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಆಟಿಸಂ ಇರುವ ಮಕ್ಕಳು ಮುಳುಗಿ ಸಾಯುವ ಅಪಾಯ ಇತರರಿಗಿಂತ ಸುಮಾರು 160 ಪಟ್ಟು ಹೆಚ್ಚೆಂದು 2017ರಲ್ಲಿ ಪ್ರಕಟಿಸಿದರು. ನಮ್ಮ ಕಾನೂನಿಗೆ ಈ ಮಕ್ಕಳು ಕಂಡದ್ದೇ ತಡವಾಗಿ: 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು, 2016ರ ಹಕ್ಕುಗಳ ಕಾಯ್ದೆಯಲ್ಲಿ ಗಟ್ಟಿಯಾಯಿತು.

ಅಷ್ಟರಲ್ಲಿ ಕೋಲಾರದ ತೆರೆದ ಬಾವಿಗಳು ಬತ್ತಿದ್ದವು. ಅವುಗಳ ಜಾಗಕ್ಕೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಬಂದವು. ಅವು ಬೆಳೆಗೆ ನೀರುಣಿಸಬಹುದು, ಮಗುವಿಗೆ ಈಜು ಕಲಿಸಲಾರವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆ ಜಿಲ್ಲೆಯ ಕೆರೆಗಳನ್ನು ತುಂಬಿಸುತ್ತಿದೆ. ಬಂದದ್ದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅಂತರ್ಜಲ ಹೆಚ್ಚಿಸಲೆಂದು ಹರಿಸಿದ್ದು. ಮಕ್ಕಳನ್ನು ಇಳಿಸುವ ನೀರಲ್ಲ ಅದು.

ಉಳಿದ ದಾರಿ ಬೆಂಗಳೂರಿನ ಈಜುಕೊಳಗಳು. ಬಂಗಾರಪೇಟೆಯಿಂದ ರೈಲಿನಲ್ಲಿ ಸುಮಾರು 70 ಕಿಲೋಮೀಟರ್; ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನ ದುಡಿಮೆಗೆ ಹೋಗಿಬರುವ ಹಾದಿಯೂ ಅದೇ. ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವನ್ನು ಆ ನೂಕುನುಗ್ಗಲಿನಲ್ಲಿ ವಾರವಾರವೂ ಕರೆದೊಯ್ಯುವ ತಾಯಿಗೆ, ಈಜಿನ ಪಾಠಕ್ಕಿಂತ ಪ್ರಯಾಣವೇ ದೊಡ್ಡ ಪರೀಕ್ಷೆ.