ತೂಕ, ಭಾರ ಮತ್ತು ‘ಪೆಸೊ’: ಒಂದು ಶಬ್ದಾರ್ಥವಿಚಾರ

‘ತೂಕದ ಮಾತು’, ‘ತೂಕದ ಮನುಷ್ಯ’ ಎಂಬ ಪ್ರಯೋಗಗಳು ಇಂಗ್ಲಿಷಿನ ಅನುಕರಣದಿಂದ ಕನ್ನಡಕ್ಕೆ ಬಂದುವೆ ಎಂಬ ಶಂಕೆ ಏಳಬಹುದು. ಧಾತ್ವರ್ಥವನ್ನು ಪರಿಶೀಲಿಸಿದರೆ ಈ ಶಂಕೆಗೆ ಆಸ್ಪದವಿಲ್ಲ.

ಸ್ಪೇನ್ ದೇಶದ ಭಾಷೆಯಲ್ಲಿ ತೂಕಕ್ಕೆ ‘ಪೆಸೊ’ ಎಂದು ಹೆಸರು. ಇದು ಲ್ಯಾಟಿನ್ನಿನ ‘ಪೆನ್ಸುಮ್’ ಶಬ್ದದಿಂದ ಹುಟ್ಟಿತು. ಅದರ ಮೂಲಧಾತುವಿಗೆ ತೂಗಹಾಕುವುದು, ತೂಗುವುದು, ಹಣ ಸಲ್ಲಿಸುವುದು ಎಂಬ ಅರ್ಥಗಳುಂಟು. ಆಲೋಚಿಸುವುದೆಂಬ ಅರ್ಥದ ‘ಪೆನ್ಸಾರ್’ ಸಹ ಅದೇ ಕುಲದ್ದು. ನಮ್ಮ ‘ತೂಗು’ ಧಾತುವನ್ನು ನೋಡಿರಿ. ತೊಟ್ಟಿಲನ್ನು ತೂಗುತ್ತೇವೆ, ಬೆಲ್ಲವನ್ನು ತೂಗುತ್ತೇವೆ, ಸಾಧಕಬಾಧಕಗಳನ್ನೂ ತೂಗಿ ನೋಡುತ್ತೇವೆ. ಕುಳಿತಲ್ಲೇ ತಲೆ ತೂಗಿದರೆ ಅದು ತೂಕಡಿಕೆ. ತಮಿಳಿನಲ್ಲಿ ಇದರ ಸೋದರಧಾತುವಿಗೆ ಜೋಲುವುದು, ನಿದ್ರಿಸುವುದು ಎಂಬೆರಡು ಅರ್ಥಗಳೂ ಇವೆ. ಲ್ಯಾಟಿನ್ನಿಗೂ ದ್ರಾವಿಡಕ್ಕೂ ಇಲ್ಲಿ ಜ್ಞಾತಿತ್ವವನ್ನು ಕಲ್ಪಿಸತಕ್ಕದ್ದಲ್ಲ. ಎರಡು ಕಡೆಯೂ ತಕ್ಕಡಿಯು ತೂಗಾಡುವ ವಸ್ತುವೇ ಆದುದರಿಂದ ಅರ್ಥವೂ ಒಂದೇ ಹಾದಿಯಲ್ಲಿ ನಡೆಯಿತು.

ತೂಕದ ಹೆಸರು ನಾಣ್ಯದ ಹೆಸರಾಗುವುದೂ ಹೀಗೆಯೇ. ಎಂಟು ರಿಯಾಲುಗಳ ಬೆಳ್ಳಿಯ ನಾಣ್ಯವು ‘ಪೆಸೊ’ ಎನಿಸಿತು. ಮೆಕ್ಸಿಕೊ, ಫಿಲಿಪ್ಪೀನ್ಸ್ ಮೊದಲಾದ ದೇಶಗಳಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ನಮ್ಮ ಶಾಸನಗಳ ‘ಗದ್ಯಾಣ’ವು ತೂಕವೂ ಹೌದು, ಪೊನ್ನೂ ಹೌದು. ಇದಕ್ಕೆ ವಿಪರ್ಯಯವೂ ಉಂಟು: 1835ರ ತರುವಾಯ 180 ಗ್ರೇನಿನ ರೂಪಾಯಿಯೇ ತೊಲದ ಪ್ರಮಾಣವಾಗಿ, ವರ್ತಕರು ರೂಪಾಯಿಯಿಂದಲೇ ಸರಕನ್ನು ತೂಗಿದರು.

ಹನೂರು ತಾಲ್ಲೂಕಿನ ಬಂಡಳ್ಳಿಯೂ ಒಳಗೊಂಡಂತೆ ಕೊಳ್ಳೇಗಾಲದ ಸೀಮೆಯು 1956ನೆಯ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮದರಾಸಿನ ಲೆಕ್ಕದಲ್ಲಿ 120 ತೊಲಕ್ಕೆ ಒಂದು ವೀಸೆ, 8 ವೀಸೆಗೆ ಒಂದು ಮಣ. ಅಂದರೆ ಮಣಕ್ಕೆ 960 ತೊಲ. ಉತ್ತರದೇಶದ ಮಣವಾದರೋ 3200 ತೊಲ. ಹೆಸರೊಂದೇ, ತೂಕ ಮೂರು ಪಾಲಿಗಿಂತಲೂ ಹೆಚ್ಚು! 1956ರ ಶಾಸನದಿಂದ ಮೆಟ್ರಿಕ್ ಪದ್ಧತಿ ಬಂದು, ಈಗ ಈ ಸೀಮೆಯ ರೇಷ್ಮೆಗೂಡೂ ಕಿಲೋಗ್ರಾಮಿನಲ್ಲಿಯೇ ಮಾರಾಟವಾಗುತ್ತದೆ. ವೀಸೆಯು ಹೋಯಿತು; ‘ಗುಲಗಂಜಿಯಷ್ಟು’ ಎಂಬುದು ಮಾತ್ರ ಲಕ್ಷಣಾರ್ಥದಲ್ಲಿ ನಿಂತಿದೆ. ಅಕ್ಕಸಾಲಿಗನ ತಕ್ಕಡಿಯಿಂದ ಇಳಿದ ಮೇಲೂ ಬೀಜವು ಮಾತಿನಲ್ಲಿ ಬದುಕಿದೆ.

ಸಂಸ್ಕೃತದಲ್ಲಿ ‘ಗುರು’ ಎಂದರೆ ಭಾರವುಳ್ಳದ್ದು. ಅದರ ಭಾವನಾಮವೇ ‘ಗೌರವ’. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಪಾಠ ಹೇಳುವವನು ಅದೇ ಶಬ್ದದಿಂದ ಪೂಜ್ಯನಾದನು. ಆದಕಾರಣ ತೂಕದಿಂದ ಮಾನ್ಯತೆಯನ್ನು ಸೂಚಿಸುವ ಮಾರ್ಗವು ನಮ್ಮಲ್ಲಿ ಪ್ರಾಚೀನವಾದುದೇ. ಅದಕ್ಕೆ ಆಂಗ್ಲಭಾಷೆಯ ಋಣ ಬೇಕಿಲ್ಲ.

ಅಧ್ಯಾಪಕರು ಗಮನಿಸಬೇಕಾದ ಭೇದವೊಂದುಂಟು. ಸ್ಪ್ಯಾನಿಷ್ ಭಾಷೆಯಲ್ಲಿ ಮಾನ್ಯವ್ಯಕ್ತಿಗೂ ‘ಪೆಸೊ’, ಹೆಗಲ ಮೇಲಿನ ಹೊರೆಗೂ ‘ಪೆಸೊ’. ಕನ್ನಡವು ಇವನ್ನು ವಿಂಗಡಿಸಿಕೊಂಡಿತು. ‘ತೂಕ’ವು ಬಹುಮಟ್ಟಿಗೆ ಹೊಗಳಿಕೆಗೆ ಸಲ್ಲುತ್ತದೆ, ಸಮತೋಲವೂ ಅದರ ಅರ್ಥವೇ ಆದ್ದರಿಂದ ‘ತೂಕ ತಪ್ಪಿ ಮಾತಾಡಿದ’ ಎನ್ನುತ್ತಾರೆ. ಸಂಕಟಕ್ಕೆ ‘ಭಾರ’, ‘ಹೊರೆ’ಗಳು. ‘ಹಗುರ’ವೋ ಎರಡು ಕಡೆಗೂ ವಾಲುತ್ತದೆ: ಮನಸ್ಸು ಹಗುರವಾದರೆ ಸುಖ, ಒಬ್ಬರನ್ನು ಹಗುರವಾಗಿ ಕಂಡರೆ ಅವಮಾನ. ಸ್ಪ್ಯಾನಿಷರು ಸಾವಿನ ಮನೆಯಲ್ಲಿ ಹೇಳುವ ಸಂತಾಪದ ಮಾತು ‘ಪೆಸಾಮೆ’, ಎಂದರೆ ‘ನನಗೆ ಭಾರವಾಗುತ್ತಿದೆ’ ಎಂದು. ಅಂಥಲ್ಲಿ ಕನ್ನಡಿಗನೂ ‘ಎದೆ ಭಾರವಾಯಿತು’ ಎನ್ನುವನು, ‘ತೂಕವಾಯಿತು’ ಎನ್ನಲಾರನು.