ಒಂದು ಗೋಲಿನ ಬೆಲೆ: ಕಂಠೀರವದಲ್ಲಿ ಗುಂಪು ಹಂತದ ಪಾಠ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಆಡಿದ ವಿದ್ಯಾರ್ಥಿಗಳಿಗೆ ನಾಕೌಟ್ ಪದ್ಧತಿ ಪರಿಚಿತ. ಒಮ್ಮೆ ಸೋತರೆ ಊರಿಗೆ ಹೊರಡಬೇಕು. ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಗಳ ಗುಂಪು ಹಂತದ ಕ್ರಮ ಬೇರೆ. ಅಲ್ಲಿ ಪ್ರತಿ ತಂಡವೂ ತನ್ನ ಗುಂಪಿನ ಉಳಿದೆಲ್ಲ ತಂಡಗಳೊಡನೆ ಆಡುತ್ತದೆ. ಗೆಲುವಿಗೆ 3 ಅಂಕ, ಸಮಬಲಕ್ಕೆ 1. ಅಂಕಗಳು ಸಮನಾದರೆ ಗೋಲುಗಳ ಲೆಕ್ಕ. ಈ ಲೆಕ್ಕ ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ ನಮ್ಮ ನೆರೆಯ ಬೆಂಗಳೂರಿನಲ್ಲೇ ಒಂದು ನಿದರ್ಶನವಿದೆ.

1993ರಲ್ಲಿ ಲಾಹೋರಿನಲ್ಲಿ ನಾಲ್ಕು ತಂಡಗಳೊಂದಿಗೆ ಆರಂಭವಾದ ದಕ್ಷಿಣ ಏಷ್ಯಾದ ಪಂದ್ಯಾವಳಿಯೇ ಇಂದಿನ ಸ್ಯಾಫ್ ಚಾಂಪಿಯನ್‌ಷಿಪ್. 2023ರ ಜೂನ್ 21ರಿಂದ ಜುಲೈ 4ರವರೆಗೆ ಇದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಎಂಟು ತಂಡಗಳ ಪೈಕಿ ಕುವೈತ್ ಮತ್ತು ಲೆಬನಾನ್ ಅತಿಥಿಗಳು. ‘ಎ’ ಗುಂಪಿನಲ್ಲಿ ಭಾರತ, ಕುವೈತ್, ನೇಪಾಳ ಮತ್ತು ಪಾಕಿಸ್ತಾನ ತಂಡಗಳಿದ್ದವು.

ಮೊದಲ ದಿನ ಭಾರತ ಪಾಕಿಸ್ತಾನವನ್ನು 4-0ಯಿಂದ ಸೋಲಿಸಿತು. ನಾಯಕ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು. ಬೆಂಗಳೂರು ಎಫ್‌ಸಿ ಪರ ಆಡುತ್ತಿದ್ದ ಅವರಿಗೆ ಅದು ಮನೆಯಂಗಳವೇ ಆಗಿತ್ತು. ಬಳಿಕ ನೇಪಾಳದ ಮೇಲೆ 2-0 ಗೆಲುವು. ಜೂನ್ 27ರಂದು ಕುವೈತ್ ವಿರುದ್ಧ ಛೆಟ್ರಿ ಮತ್ತೆ ಗೋಲು ಗಳಿಸಿದರು. ಆದರೆ 90 ನಿಮಿಷ ಮುಗಿದ ಮೇಲಿನ ಹೆಚ್ಚುವರಿ ಸಮಯದಲ್ಲಿ ಭಾರತದ ರಕ್ಷಣಾ ಆಟಗಾರನಿಗೆ ತಗುಲಿದ ಚೆಂಡು ಸ್ವಂತ ಗೋಲುಪೆಟ್ಟಿಗೆಯನ್ನೇ ಸೇರಿತು. ಪಂದ್ಯ 1-1ರಲ್ಲಿ ಮುಗಿಯಿತು.

ಎರಡೂ ತಂಡಗಳಿಗೆ ತಲಾ 7 ಅಂಕ. ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲನ್ನು ಕಳೆದರೂ ಇಬ್ಬರದೂ 6. ಕೊನೆಗೆ ಹೊಡೆದ ಗೋಲುಗಳನ್ನು ಎಣಿಸಿದಾಗ ಕುವೈತ್ 8, ಭಾರತ 7! ನೇಪಾಳದ ವಿರುದ್ಧ ಭಾರತ ಇನ್ನೊಂದು ಗೋಲು ಹೊಡೆದಿದ್ದರೂ ಮೊದಲ ಸ್ಥಾನ ನಮ್ಮದಾಗುತ್ತಿತ್ತು.

ಇದರ ಪರಿಣಾಮ ಸಣ್ಣದಲ್ಲ. ಪ್ರಥಮ ಸ್ಥಾನಿಗೆ ಸೆಮಿಫೈನಲ್‌ನಲ್ಲಿ ಬಾಂಗ್ಲಾದೇಶ, ದ್ವಿತೀಯ ಸ್ಥಾನಿಗೆ ಮೂರೂ ಪಂದ್ಯ ಗೆದ್ದು ಬಂದಿದ್ದ ಲೆಬನಾನ್ ಎದುರಾಳಿ. ಭಾರತ 120 ನಿಮಿಷ ಗೋಲಿಲ್ಲದೆ ಹೋರಾಡಿ, ಪೆನಾಲ್ಟಿಯಲ್ಲಿ 4-2ರಿಂದ ಗೆದ್ದಿತು. ಫೈನಲ್‌ನಲ್ಲಿ ಮತ್ತೆ ಅದೇ ಕುವೈತ್, ಮತ್ತೆ ಅದೇ 1-1. ಪೆನಾಲ್ಟಿಯಲ್ಲಿ ಗೋಲಿ ಗುರುಪ್ರೀತ್ ಸಿಂಗ್ ಸಂಧು ಕೊನೆಯ ಹೊಡೆತವನ್ನು ತಡೆದಾಗ ಭಾರತ 5-4ರಿಂದ ಒಂಬತ್ತನೆಯ ಬಾರಿ ಪ್ರಶಸ್ತಿ ಪಡೆಯಿತು.

ಗೆದ್ದವರ ಹೆಸರನ್ನು ಇತಿಹಾಸ ನೆನಪಿಡುತ್ತದೆ. ಅವರು ನಡೆದು ಬಂದ ದಾರಿಯನ್ನು ತಿಳಿಯಬೇಕಾದರೆ ಗುಂಪು ಹಂತದ ಅಂಕಪಟ್ಟಿಯನ್ನೂ ಓದಬೇಕು. ಗೆದ್ದಾಯಿತೆಂದು ಆಟವನ್ನು ಸಡಿಲಬಿಟ್ಟ ಕ್ಷಣದ ಲೆಕ್ಕವೂ ಅಲ್ಲಿ ದಾಖಲಾಗಿರುತ್ತದೆ.