ದಿಂಬಂ ತಿರುವುಗಳಲ್ಲಿ ಡೀಸೆಲ್, ಪೆಟ್ರೋಲ್

ಟರ್ಬೊ ಡೀಸೆಲ್ ಬಂದ ಮೇಲೆ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಉಳಿದಿರುವುದು ಬರೀ ಸದ್ದು ಎಂಬ ಮಾತು ಕಾರಿನ ಹುಚ್ಚಿರುವ ಹುಡುಗರ ಬಾಯಲ್ಲಿ ಈಗ ಸಲೀಸಾಗಿ ಬರುತ್ತದೆ. ಅವರು ಮುಂದಿಡುವುದು ಎರಡೇ ಲೆಕ್ಕ: ಟಾರ್ಕು, ಮೈಲೇಜು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ ಈ ಲೆಕ್ಕ ಸರಿಯೇ. ಆದರೆ ಕೆಎ-10, ಅಂದರೆ ಚಾಮರಾಜನಗರದ, ನಂಬರಿನ ನಮಗೆ ಕಾರಿನ ಯೋಗ್ಯತೆ ಗೊತ್ತಾಗುವುದು ಬೇರೆ ಕಡೆ. ಚಾಮರಾಜನಗರದಿಂದ ಆಸನೂರು ದಾಟಿ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿ ದಾಟಿ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ 36. ಈ ರಸ್ತೆಗಳನ್ನು ಬಿಟ್ಟು ಬರೆದ ಕಾರಿನ ಚರಿತ್ರೆ ಅರ್ಧ ಚರಿತ್ರೆ.

ಮೊದಲ ಕಾಲವನ್ನು ಬೇಗ ಮುಗಿಸುತ್ತೇನೆ. ಅಂಬಾಸಿಡರ್, ಫಿಯಟ್, ಜೀಪು ಇದ್ದ ದಿನಗಳಲ್ಲಿ ಡೀಸೆಲ್ ಎಂದರೆ ಬಾಡಿಗೆ ಗಾಡಿ. ಡೀಸೆಲ್ ಅಂಬಾಸಿಡರಿನ 1489 ಸಿಸಿ ಎಂಜಿನ್ನಿಗೆ 40 ಅಶ್ವಶಕ್ತಿಯೂ ಇರಲಿಲ್ಲ. ಮೇಲೆ ಹತ್ತಿತು ಎನ್ನುವುದೇ ಅದರ ಹೆಗ್ಗಳಿಕೆ. ಕರಿಕಲ್ಲಿನ ಗಣಿಯ ದುಡ್ಡು ಕಂಡ ಮನೆಗಳ ಮುಂದೆ ಇಸುಜು ಎಂಜಿನ್ನಿನ ಕಾಂಟೆಸಾ ನಿಂತರೆ ಬೀದಿಯೇ ತಿರುಗಿ ನೋಡುತ್ತಿತ್ತು. 1990ರ ಮಾರುತಿ 1000 ನೋಡಲು ಲಕ್ಷಣವಾಗಿತ್ತು, ಏರಿನಲ್ಲಿ ಏದುಸಿರು ಬಿಡುತ್ತಿತ್ತು. 1994ರಲ್ಲಿ ಎಸ್ಟೀಮ್ ಬಂದ ಮೇಲೇ ನಮ್ಮಂಥವರಿಗೆ ಎರಡನೇ ಗೇರಿನ ರುಚಿ ಹತ್ತಿದ್ದು. ರ‍್ಯಾಲಿಗಳಲ್ಲೂ ಎಸ್ಟೀಮ್ ಮತ್ತು ಜಿಪ್ಸಿ ವರ್ಷಗಟ್ಟಲೆ ಮೆರೆದವು, ಎರಡೂ ಪೆಟ್ರೋಲ್.

ನನ್ನ ಪ್ರಕಾರ ನಿಜವಾದ ಕಥೆ ಶುರುವಾಗುವುದು 1998ರಲ್ಲಿ. ತಿರುವಳ್ಳೂರಿನ ಕಾರ್ಖಾನೆಯಿಂದ ಮಿತ್ಸುಬಿಷಿ ಲ್ಯಾನ್ಸರ್ ಬಂತು, ಅದೇ ವರ್ಷ ಹೋಂಡಾ ಸಿಟಿ. 1999ರಲ್ಲಿ ಫೋರ್ಡ್ ಐಕಾನ್ ಮತ್ತು ಮಾರುತಿ ಬಲೇನೊ. 2000ದಲ್ಲಿ ಸಿಟಿಗೆ 106 ಅಶ್ವಶಕ್ತಿಯ ವಿಟೆಕ್ ಎಂಜಿನ್, 2001ರಲ್ಲಿ 1.6 ಲೀಟರಿನ ಪ್ಯಾಲಿಯೊ, 2004ರಲ್ಲಿ 150 ಅಶ್ವಶಕ್ತಿಯ ಆಕ್ಟೇವಿಯಾ ವಿಆರ್‌ಎಸ್. ಅದೇ ಹೊತ್ತಿಗೆ, 2000ದ ಹೊಗೆ ನಿಯಮಗಳ ಒತ್ತಡದಿಂದ, ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು. ಅಂದರೆ ಇಂಧನದ ಅಳತೆ ಕಂಪ್ಯೂಟರಿನ ಕೈಗೆ ಹೋಯಿತು, ಆದರೆ ಹೆಚ್ಚಿನ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲಿನಿಂದ ಥ್ರಾಟಲ್‌ವರೆಗೆ ಇನ್ನೂ ತಂತಿಯೇ ಇತ್ತು. ಸ್ಟಿಯರಿಂಗಿಗೆ ಆಯಿಲ್ ಪಂಪಿತ್ತು, ಮೋಟರ್ ಇರಲಿಲ್ಲ. ಹೆಚ್ಚಿನವುಗಳ ತೂಕ ಒಂದು ಟನ್ನಿನ ಆಸುಪಾಸು. ಈ ನಾಲ್ಕೂ ಒಟ್ಟಿಗೆ ಸಿಕ್ಕಿದ ಕಾಲ ಹಿಂದೆ ಇರಲಿಲ್ಲ, ಮುಂದೆ ಬರುವಂತೆಯೂ ಕಾಣುವುದಿಲ್ಲ. ಏರ್‌ಬ್ಯಾಗ್, ಎಬಿಎಸ್ ವಿಷಯದಲ್ಲಿ ಆ ಕಾರುಗಳು ಬಡವೇ, ಅದರಲ್ಲಿ ವಾದವಿಲ್ಲ.

ದಿಂಬಂನಲ್ಲಿ ಕಬ್ಬಿನ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಮುಂದಿನ ಮಾತು ಥಟ್ಟನೆ ಅರ್ಥವಾಗುತ್ತದೆ. ತಿರುವಿನಲ್ಲಿ ಲಾರಿ ತೆವಳುತ್ತದೆ, ನಾವೂ ತೆವಳುತ್ತೇವೆ. 1.3 ಲೀಟರಿನ ಸಣ್ಣ ಟರ್ಬೊ ಡೀಸೆಲ್ ಆಗಿದ್ದರೆ ಎರಡನೇ ಗೇರಿನಲ್ಲಿ ಎಂಜಿನ್ 1200 ಸುತ್ತಿಗೆ ಇಳಿದಿರುತ್ತದೆ. ಟರ್ಬೊ ಎಚ್ಚರವಾಗುವುದು 1800–2000ದ ಮೇಲೆ. ಪೆಡಲ್ ತುಳಿದರೆ ಒಂದು ಕ್ಷಣ ಏನೂ ಆಗುವುದಿಲ್ಲ. ಮೊದಲನೇ ಗೇರಿಗೆ ಇಳಿಸಿದರೆ ಅದು ಎರಡು ಕಾರಿನುದ್ದಕ್ಕೇ ಮುಗಿಯುತ್ತದೆ. ಅದೇ ಜಾಗದಲ್ಲಿ ಐಕಾನ್ 1.6 ಎರಡನೇ ಗೇರಿನಲ್ಲೇ ಗೊಣಗದೆ ಎದ್ದು ಹೋಗುತ್ತದೆ, ತುಳಿದಷ್ಟಕ್ಕೆ ಸರಿಯಾಗಿ. ಇಳಿಜಾರಿನಲ್ಲೂ ಅಷ್ಟೇ. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದರೆ ಥ್ರಾಟಲ್ ಮುಚ್ಚಿ, ಒಳಗೆ ನಿರ್ವಾತವಾಗಿ, ಗಾಡಿಯನ್ನು ಹಿಡಿಯುತ್ತದೆ. ಡೀಸೆಲಿನಲ್ಲಿ ಗಾಳಿಗೆ ಆ ಥರದ ತಡೆಯಿಲ್ಲ. ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಬೇಕಾಗುವುದು ಅದಕ್ಕೇ.

ಡೀಸೆಲಿಗೆ ಸಲ್ಲಬೇಕಾದ್ದೂ ಇದೆ. ಸುಮಾರು 800 ಮೀಟರ್ ಎತ್ತರದ ಗುಂಡ್ಲುಪೇಟೆಯಿಂದ 2240 ಮೀಟರಿನ ಊಟಿಗೆ ಹತ್ತುವಷ್ಟರಲ್ಲಿ ಗಾಳಿ ತೆಳುವಾಗಿ, ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ತನ್ನ ಶಕ್ತಿಯಲ್ಲಿ ಸುಮಾರು ಎಂಟನೇ ಒಂದು ಪಾಲು ಕಳೆದುಕೊಳ್ಳುತ್ತದೆ. ಟರ್ಬೊ ಡೀಸೆಲಿಗೆ ಅದು ತಟ್ಟುವುದೇ ಕಡಿಮೆ. ಆಕ್ಟೇವಿಯಾದ 1.9 ಟಿಡಿಐ ಡೀಸೆಲಿಗೆ ಮರ್ಯಾದೆ ತಂದಿತು. 2002ರ ಆಕ್ಸೆಂಟ್ ಸಿಆರ್‌ಡಿಐ ಕಾಮನ್ ರೈಲ್ ಎಂಬ ಡೀಸೆಲ್ ಇಂಜೆಕ್ಷನ್ ಪದ್ಧತಿಯನ್ನು ಊರಿಗೆ ಪರಿಚಯಿಸಿತು. 2013ರ ಪೋಲೊ ಜಿಟಿ ಟಿಡಿಐ 105 ಅಶ್ವಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕು ಕೊಟ್ಟಿತು. ಶಕ್ತಿ ಹಳೆಯ ಸಿಟಿ ವಿಟೆಕ್‌ನಷ್ಟೇ, ಟಾರ್ಕು ಹೆಚ್ಚುಕಡಿಮೆ ದುಪ್ಪಟ್ಟು. ಎದುರಿನ ಬಸ್ಸು ಕಾಣುವಷ್ಟರಲ್ಲಿ ಲಾರಿ ದಾಟಿಬಿಡುವ ಆ ಎಳೆತವನ್ನು ನಾನೂ ಮೆಚ್ಚಿದವನೇ. ಆದರೆ ಮುಂದಿನ ಚಕ್ರಗಳ ಮೇಲೆ ಭಾರದ ಎಂಜಿನ್ ಕೂತ ಕಾರು ತಿರುವಿನೊಳಗೆ ಹೋಗಲು ಹಟ ಮಾಡುತ್ತದೆ. ಅಂಕಿಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಹಾಗಾದರೆ 2007ರ ಡೀಸೆಲ್ ಸ್ವಿಫ್ಟ್‌ನಿಂದಾಚೆಗೆ ಊರಿಗೆ ಊರೇ ಡೀಸೆಲ್ ಹಿಂದೆ ಬಿದ್ದದ್ದೇಕೆ? ಓಡಿಸುವ ಸುಖಕ್ಕಲ್ಲ. 2010ರಲ್ಲಿ ಪೆಟ್ರೋಲ್ ಬೆಲೆಯ ಹತೋಟಿ ತೆಗೆದ ಸರ್ಕಾರ ಡೀಸೆಲಿನ ಕೈ ಬಿಟ್ಟಿರಲಿಲ್ಲ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41ರ ಹತ್ತಿರವಿತ್ತು. ಆಗ ಪೆಟ್ರೋಲ್ ಕಾರು ಕೊಳ್ಳಹೊರಟವನಿಗೆ ಮನೆಯ ಹಿರಿಯರು, ‘ಬಂಕಿಗೆ ದುಡ್ಡು ಸುರೀತೀಯೇನಪ್ಪ’ ಎನ್ನದೆ ಬಿಡುತ್ತಿರಲಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯೂ ಮುಕ್ತವಾಯಿತು. 2015ರಲ್ಲಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಗೆ ಮೋಸ ಮಾಡಿದ್ದು ಅಮೆರಿಕದಲ್ಲಿ ಬಯಲಾಯಿತು. 2020ರ ಏಪ್ರಿಲಿನಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲನ್ನೇ ಕೈಬಿಟ್ಟಿತು. ಪೋಲೊ ಡೀಸೆಲೂ ನಿಂತಿತು. ಪ್ರೀತಿಯಿಂದ ಕಟ್ಟಿದ ಪರಂಪರೆಯಾಗಿದ್ದರೆ ಇಷ್ಟು ಸುಲಭವಾಗಿ ಗಂಟುಮೂಟೆ ಕಟ್ಟುತ್ತಿರಲಿಲ್ಲ.

ಈಗಿನ ಡೀಸೆಲಿನಲ್ಲಿ ಮಸಿ ಸೋಸುವ ಡಿಪಿಎಫ್ ಎಂಬ ಜಾಲರಿ ಇದೆ. ಅದು ಬಿಸಿಯೇರಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಗಾಡಿ ಒಂದೇ ವೇಗದಲ್ಲಿ ಕೊಂಚ ದೂರ ಓಡಬೇಕು. ಚಾಮರಾಜನಗರದ ಪೇಟೆಯೊಳಗೆ ಮಗುವನ್ನು ಶಾಲೆಗೆ ಬಿಟ್ಟು ಬರುವ ಕಾರಿಗೆ ಆ ಭಾಗ್ಯವೆಲ್ಲಿ? (ಬಂಡೀಪುರದ ನೇರ ರಸ್ತೆಯಲ್ಲಿ ಆ ಕೆಲಸ ಮುಗಿಸಿಕೊಳ್ಳಲು ಹೋಗುವವರಿಗೆ ಒಂದು ಮಾತು: ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ 2009ರಿಂದ ಸಂಚಾರ ನಿರ್ಬಂಧ ಬಂದಿರುವುದೇ ಪ್ರಾಣಿಗಳು ಗಾಡಿಗೆ ಸಿಕ್ಕು ಸತ್ತ ಕಾರಣಕ್ಕೆ. ಹಗಲಲ್ಲೂ ಅದು ಪಿಕಪ್ ನೋಡುವ ಜಾಗವಲ್ಲ.)

ಹಳೆಯ ಪೆಟ್ರೋಲ್ ಕಾರುಗಳ ಬಗ್ಗೆ ಬರೆಯದೆ ಉಳಿದದ್ದು ಬೇಕಾದಷ್ಟಿದೆ. ಸ್ಕ್ಯಾನರ್ ಇಲ್ಲದ ಕಾಲದಲ್ಲಿ ಎಂಪಿಎಫ್‌ಐ ಕಲಿತ ಸಣ್ಣ ಊರಿನ ಮೆಕ್ಯಾನಿಕ್ಕರ ಬಗ್ಗೆ, ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆದು ಕೊಟ್ಟವರ ಬಗ್ಗೆ, ಬಿಡಿಭಾಗ ತರಲು ಕೊಯಮತ್ತೂರಿನ ಬಸ್ಸು ಹತ್ತಿದವರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಅವರ ತಿಳಿವಳಿಕೆ ಬೇಕಾಗಿರುವುದೇ ಈಗ: ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇದೆ. ಎಥೆನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಹಾಳುಮಾಡುತ್ತದೆ. ಯಾವ ಮಾದರಿಗೆ ಯಾವ ಪೈಪು ಬದಲಿಸಬೇಕು ಎಂಬ ಪಟ್ಟಿ ಗ್ಯಾರೇಜುಗಳವರ ತಲೆಯಲ್ಲಿದೆ, ಕಾಗದದ ಮೇಲಿಲ್ಲ.

ಕಾನೂನಿನಲ್ಲೂ ಈ ಕಾರುಗಳಿಗೆ ಬೇರೆ ಜಾಗವಿಲ್ಲ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ 2022ರಲ್ಲಿ ಶುಲ್ಕ 600ರಿಂದ 5000 ರೂಪಾಯಿಗೆ ಏರಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಆಯಿತು. ವಿಂಟೇಜ್ ಎಂಬ ರಿಯಾಯಿತಿ 50 ವರ್ಷ ದಾಟಿದ ಗಾಡಿಗಳಿಗೆ ಮಾತ್ರ. ಆ ಲೆಕ್ಕದಲ್ಲಿ 1999ರ ಐಕಾನಿಗೆ ಆ ಪಟ್ಟ ಸಿಗುವುದು 2049ರಲ್ಲಿ. ಅಲ್ಲಿಯವರೆಗೆ ಐದೈದು ವರ್ಷಕ್ಕೊಮ್ಮೆ ಅದು ಆರ್‌ಟಿಒ ಕಚೇರಿಯ ಮುಂದೆ, ಗುಜರಿಗೆ ಹೋಗಬೇಕಾದ ಗಾಡಿಗಳ ಸಾಲಿನಲ್ಲೇ ನಿಲ್ಲಬೇಕು.